ಲಂಗರು ಹಾಕಿದ್ದ ಹಡಗೊಂದನ್ನು ಹಾದುಹೋದ ಕುರಿತು

ಈ ಕೆಳಕಂಡ ಸಂಗತಿಗಳನ್ನು ಓದುಗರ ಅವಗಾಹನೆಗೆ ವಿನಯಪೂರ್ವಕವಾಗಿ ತರಬಯಸುತ್ತೇನೆ. ಇದುವರೆಗೆ ನಾನು ಕನ್ನಡದಲ್ಲಿ ಬರೆದಿರುವುದು ರಜೆಯ ಅರ್ಜಿಗಳನ್ನು ಮಾತ್ರ. ನನ್ನ ತಂದೆಯವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ವಿಷಯವನ್ನು ಕ್ರಮವಾಗಿ ಹೇಗೆ ನಿವೇದಿಸಬೇಕೆಂಬುದನ್ನು ಅವರ ಕರಡುಗಳನ್ನು ಓದಿ ಕಲಿತೆ; ಬೇರೆ ಕ್ರಮ ನನಗೆ ತಿಳಿಯದು. ಆದುದರಿಂದ ಈ ಬರವಣಿಗೆಯಲ್ಲಿ ಕಚೇರಿಯ ವಾಸನೆ ಬಂದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಒಮಾನಿನ ಬರ್ಕಾದಲ್ಲಿರುವ ಒಂದು ಖಾಸಗಿ ಚಿಕಿತ್ಸಾಲಯದಲ್ಲಿ ನಾನು ನರ್ಸ್ ಆಗಿದ್ದೇನೆ. ನನ್ನ ಪತಿ ತೈಲ ಸಾಗಿಸುವ ಟ್ಯಾಂಕರ್ ಹಡಗೊಂದರಲ್ಲಿ ಸೆಕೆಂಡ್ ಆಫೀಸರ್. ಇಬ್ಬರೂ ಮಂಡ್ಯದ ಕಡೆಯವರು. ಇಲ್ಲಿಯ ಕೆಲಸವನ್ನು ನಾನು ಒಪ್ಪಿಕೊಂಡದ್ದು ಸಂಬಳವೊಂದಕ್ಕಾಗಿ ಅಲ್ಲ. ಅವರ ಹಡಗು ಈ ಕರಾವಳಿಯ ಬಂದರಿನೆದುರು ಆಗಾಗ ಲಂಗರು ಹಾಕುತ್ತದೆ. ಇಲ್ಲಿದ್ದರೆ ನಡುನಡುವೆ ಪರಸ್ಪರ ಕಾಣಬಹುದೆಂದು ಇಬ್ಬರೂ ಕೂತು ಆಲೋಚಿಸಿದ್ದೆವು. ಆ ಆಲೋಚನೆ ಫಲಿಸಲಿಲ್ಲ. ಲಂಗರಿನಲ್ಲಿರುವ ಹಡಗಿನವರು ದಡಕ್ಕಿಳಿಯಬೇಕಾದರೆ ಪ್ರವೇಶಾನುಮತಿ ಬೇಕು, ದೋಣಿ ಬೇಕು, ಕ್ಯಾಪ್ಟನ್ನರ ಒಪ್ಪಿಗೆ ಬೇಕು. ಮೂರೂ ಕೂಡಿಬರುವಷ್ಟರಲ್ಲಿ ಹಡಗಿಗೆ ಹೊರಡುವ ಆದೇಶ ಬಂದಿರುತ್ತದೆ. ಒಪ್ಪಂದದ ಅವಧಿ ಮುಗಿದರೂ ಬದಲಿ ಅಧಿಕಾರಿ ಬಾರದ ಕಾರಣ ಅವರ ಸೇವೆಯನ್ನು ಎರಡು ಸಲ ವಿಸ್ತರಿಸಲಾಗಿತ್ತು.

ಹಡಗುಗಳು ಎಲ್ಲೆಲ್ಲಿವೆ ಎಂದು ತೋರಿಸುವ ಆ್ಯಪ್ ಒಂದಿದೆ. ಹಡಗಿನವರ ಮನೆಗಳಲ್ಲಿ ಅದು ಎಲ್ಲರ ಮೊಬೈಲಿನಲ್ಲಿಯೂ ಇರುತ್ತದೆ. ಚಲಿಸುವ ಟ್ಯಾಂಕರ್ ಅದರಲ್ಲಿ ಕೆಂಪು ಬಾಣ. ಲಂಗರು ಹಾಕಿದರೆ ಕೆಂಪು ಚುಕ್ಕೆ. ಮೂರನೆಯ ತರಗತಿಯಲ್ಲಿ ಓದುವ ನಮ್ಮ ಮಗಳು ಶಾಲೆಯಿಂದ ಬಂದವಳೇ ನನ್ನ ಫೋನು ತೆಗೆದು ನೋಡಿ, "ಅಮ್ಮ, ಅಪ್ಪ ಸ್ಟಾಪ್ಡ್! ಹಿ ಈಸ್ ಎ ಡಾಟ್ ನೌ" ಎಂದು ಕೂಗುತ್ತಿದ್ದಳು. ನಾವು ಕಾರಿನಲ್ಲಿ ಬಂದರಿನ ಬಳಿಯ ದಂಡೆಗೆ ಹೋಗುತ್ತಿದ್ದೆವು. ದೂರದಲ್ಲಿ ಸಾಲಾಗಿ ನಿಂತ ಹಡಗುಗಳಲ್ಲಿ ಅಪ್ಪನದು ಯಾವುದೆಂದು ಅವಳು ಬೆರಳು ತೋರಿಸುವಳು. ನಾನು ಹೌದು ಎನ್ನುವೆನು. ಅವರು ಅಲ್ಲಿ, ನಾವು ಇಲ್ಲಿ, ಫೋನಿನಲ್ಲಿ ಮಾತು. ಸಮುದ್ರ ನಡುವೆ ಇಲ್ಲದಿದ್ದರೆ ನಡೆದೇ ಹೋಗಬಹುದಾದ ದೂರ ಅದು.

ನಮ್ಮ ಕಟ್ಟಡದ ಕೆಳಮನೆಯಲ್ಲಿ ಉಳ್ಳಾಲದ ಕಡೆಯ ಬ್ಯಾರಿ ಕುಟುಂಬವೊಂದು ವಾಸವಾಗಿದೆ. ಆ ಮನೆಯ ಯಜಮಾನರು ಲಂಗರಿನಲ್ಲಿರುವ ಹಡಗುಗಳಿಗೆ ತರಕಾರಿ, ಮಾಂಸ, ಕುಡಿಯುವ ನೀರು ಒದಗಿಸುವ ಅಂಗಡಿಯಲ್ಲಿ ನೌಕರರು. ನಾನು ಅವರನ್ನು ಅಣ್ಣ ಎನ್ನುತ್ತೇನೆ. ಈ ಬರಹದಲ್ಲಿಯೂ ಹಾಗೆಯೇ ಕರೆಯಲು ಅನುಮತಿ ಕೋರುತ್ತೇನೆ. ಒಂದು ಸಂಜೆ ಅವರು ಮೆಟ್ಟಿಲಲ್ಲಿ ನನ್ನನ್ನು ತಡೆದು, ಬಂದರಿನ ಮೀಸಲು ದಳಕ್ಕೆ ನರ್ಸ್ ಬೇಕಾಗಿದ್ದಾರೆ ಎಂದರು. ಹಡಗಿನಲ್ಲಿ ಬೆಂಕಿ ಬಿದ್ದಾಗ ಅಥವಾ ಯಾರಾದರೂ ಗಾಯಗೊಂಡಾಗ ಬಂದರಿನ ಸಿಬ್ಬಂದಿಯ ಜೊತೆಗೆ ದೋಣಿಯಲ್ಲಿ ಹೋಗುವ ಸ್ವಯಂಸೇವಕರ ತಂಡ ಅದು.

"ನೌಕಾಪಡೆಯ ಮೀಸಲು ಪಡೆಯಾ ಅಣ್ಣ? ಅದಕ್ಕೆ ಇಂಡಿಯಾದವರನ್ನ ತಗೋತಾರಾ?" ಎಂದು ಕೇಳಿದೆ.

"ಅಯ್ಯೋ ಅಕ್ಕ, ನೇವಿ ಅಲ್ಲ ಮಾರಾಯ್ರೆ! ನೇವಿಗೆ ನಮ್ಮನ್ನ ಯಾರು ತಗೊಳ್ತಾರೆ? ಇದು ಬಂದರಿನ ಕೆಲಸ ನೋಡುವ ಕಂಪನಿದು. ಕಲಿಸುವವ್ರು ನೇವಿಯಿಂದ ರಿಟೈರ್ ಆದವ್ರು, ಕಲಿಯುವವ್ರು ನನ್ನಂಥ ಟೊಮೆಟೊ ಹೊರುವವ್ರು. ನಾನು ಬೆಂಕಿಯ ಕಡೆ ಇದ್ದೇನೆ. ನೀವು ಬನ್ನಿ, ಮದ್ದಿನ ಕಡೆಗೆ."

ಮತ್ತೆ ದನಿ ತಗ್ಗಿಸಿ ಹೇಳಿದರು: "ತಿಂಗಳಿಗೊಮ್ಮೆ ಲಂಗರಲ್ಲಿದ್ದ ಯಾವುದಾದ್ರೂ ಹಡಗಿಗೆ ಹತ್ತಿ ಅಭ್ಯಾಸ ಮಾಡ್ಲಿಕ್ಕೆ ಉಂಟು."

ಅರ್ಜಿ ಹಾಕಲು ನಿಜವಾದ ಕಾರಣ ಆ ಒಂದು ಮಾತು. ಅದನ್ನು ಇಲ್ಲಿ ಮುಚ್ಚಿಡುವ ಅಗತ್ಯವಿಲ್ಲ.

ಚಿಕಿತ್ಸಾಲಯದ ಮಾಲೀಕರು ನನ್ನ ಕಫೀಲ್, ಅಂದರೆ ವೀಸಾದ ಪ್ರಾಯೋಜಕರು, ಆಗಿರುವುದರಿಂದ ಅವರ ನಿರಾಕ್ಷೇಪಣಾ ಪತ್ರ ಅಗತ್ಯವಿತ್ತು. ಕರ್ತವ್ಯದ ವೇಳೆಗೆ ಅಡ್ಡಿಯಾಗಬಾರದೆಂಬ ಷರತ್ತಿನ ಮೇಲೆ ಅವರು ಸಹಿ ಮಾಡಿದರು. ನಂತರ ಸಂದರ್ಶನ. ದಳದ ತರಬೇತುದಾರರು ಒಮಾನಿ ಪ್ರಜೆ, ನೌಕಾಪಡೆಯಿಂದ ನಿವೃತ್ತರಾದವರು, ಮೂಲತಃ ಬಲೂಚಿ ಮನೆತನದವರು. ನಮ್ಮೊಡನೆ ಉರ್ದು ಬೆರೆತ ಹಿಂದಿಯಲ್ಲಿ ಮಾತನಾಡುತ್ತಿದ್ದರು. ದಳಕ್ಕೆ ಏಕೆ ಸೇರಬಯಸುತ್ತೀರಿ ಎಂದು ಕೇಳಿದರು. ಸಾರ್ವಜನಿಕ ಸೇವೆ, ವೃತ್ತಿಯಲ್ಲಿ ಅನುಭವ ಎಂದು ಸಿದ್ಧಪಡಿಸಿಕೊಂಡಿದ್ದ ಉತ್ತರವನ್ನು ನಾನು ಒಪ್ಪಿಸಿದೆ. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆ ಹಾಕಿದರು: "ಯಜಮಾನರು ಎಲ್ಲಿ ಕೆಲಸ?"

ಹೇಳಿದೆ.

"ಹಾಗೆ ಹೇಳಿ." ಅವರು ಪೆನ್ನು ಕೆಳಗಿಟ್ಟರು. "ನನ್ನ ಹೆಂಡತಿಯೂ ಹೀಗೇ ಮಸ್ಕತ್ ದಂಡೇಲಿ ನಿಂತು ನನ್ನ ಹಡಗು ನೋಡ್ತಿದ್ದಳು, ಸಿಸ್ಟರ್. ನಾನು ಬೇಡ ಅನ್ನಲ್ಲ. ಆದ್ರೆ ನನ್ನ ದೋಣಿ ಹತ್ತಿದ ಮೇಲೆ ನಿಮಗೆ ಗಂಡ ಇಲ್ಲ, ಮಗಳಿಲ್ಲ. ರೋಗಿ ಒಬ್ಬನೇ. ಒಪ್ಪಿಗೆಯೇ?"

ಒಪ್ಪಿಗೆ ಎಂದೆ. "ಖಲಾಸ್," ಎಂದು ಅವರು ಅರ್ಜಿಯನ್ನು ಮಡಚಿದರು.

ತರಬೇತಿಯು ಶುಕ್ರವಾರ ಮತ್ತು ಶನಿವಾರಗಳಂದು ನಡೆಯುತ್ತಿತ್ತು. ಮಗಳನ್ನು ಅಣ್ಣನವರ ಪತ್ನಿ ನೋಡಿಕೊಳ್ಳುತ್ತಿದ್ದರು. ಹೊಗೆ ತುಂಬಿದ ಕಬ್ಬಿಣದ ಕೋಣೆಯೊಳಗೆ ಗೋಡೆಯನ್ನು ಕೈಯಿಂದ ಬಿಡದೆ ತೆವಳಿಕೊಂಡು ಹೋಗಿ, ಬಿದ್ದಿರುವ ಗೊಂಬೆಯನ್ನು ಎಳೆದು ತರುವುದನ್ನು ಮದ್ದಿನ ಕಡೆಯವರಾದ ನಾವೂ ಮಾಡಬೇಕಿತ್ತು. ಅದು ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಏಣಿ. ಹಡಗಿನ ಪಕ್ಕಕ್ಕೆ ಹಗ್ಗ ಮತ್ತು ಮರದ ಹಲಗೆಗಳ ಏಣಿಯನ್ನು ಇಳಿಬಿಡುತ್ತಾರೆ. ಕೆಳಗೆ ದೋಣಿ ಅಲೆಯ ಮೇಲೆ ಏರಿ ಇಳಿಯುತ್ತಿರುತ್ತದೆ. ದೋಣಿ ಮೇಲೆ ಬಂದ ಗಳಿಗೆಯಲ್ಲಿಯೇ ಏಣಿಗೆ ಕಾಲಿಟ್ಟು, ಅದು ಮತ್ತೆ ಮೇಲೆ ಬಂದು ಕಾಲಿಗೆ ಬಡಿಯುವ ಮೊದಲು ಹತ್ತಿಬಿಡಬೇಕು. ನಾನು ಪ್ರತಿ ಸಲ ದೋಣಿ ಅಲೆಯೊಡನೆ ಕೆಳಗೆ ಹೋದ ಮೇಲೆ ಕಾಲು ಚಾಚುತ್ತಿದ್ದೆ. ವಿಶ್ವೇಶ್ವರಯ್ಯ ನಾಲೆಯಲ್ಲಿ ಈಜು ಕಲಿತವಳು ನಾನು. ನಾಲೆಯ ನೀರು ಒಂದೇ ಕಡೆಗೆ ಹರಿಯುತ್ತದೆ, ಮೇಲೆ ಕೆಳಗೆ ಆಗುವುದಿಲ್ಲ.

"ಎಂತ ಅಕ್ಕ, ಬಸ್ಸು ಬರ್ಲಿ ಅಂತ ಕಾಯ್ತಿದ್ದೀರಾ?" ಎಂದು ಅಣ್ಣನವರು ಹಿಂದಿನಿಂದ ಕೂಗುವರು. "ಬರುವಾಗ ಹತ್ತಿ, ಹೋದ ಮೇಲೆ ಅಲ್ಲ!"

ಮೊದಲ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣಳಾದೆ. ಎರಡನೆಯದರಲ್ಲಿ ಮೊಣಕಾಲು ತರಚಿಕೊಂಡು ಮತ್ತೆ ಅನುತ್ತೀರ್ಣಳಾದೆ. ಏಣಿ ಹತ್ತಲು ಬಾರದವರನ್ನು ಲಂಗರಿನ ಪ್ರದೇಶಕ್ಕೆ ಕರೆದೊಯ್ಯುವಂತಿಲ್ಲ. ಈ ನಡುವೆ ನನ್ನ ಪತಿಯವರ ಹಡಗು ಬಂದು ನಿಂತಿತು.

ಅಂಗಡಿಯ ಪರವಾಗಿ ಆ ಹಡಗಿಗೆ ತರಕಾರಿ ಒಯ್ಯುವ ಕೆಲಸ ಅಣ್ಣನವರಿಗೇ ಬಿತ್ತು. ನಾನು ಪುಳಿಯೋಗರೆ ಗೊಜ್ಜು ಮಾಡಿ ಬಾಟಲಿಗೆ ತುಂಬಿ ಅವರ ಕೈಯಲ್ಲಿ ಕೊಟ್ಟೆ. ಸಂಜೆ ಅವರು ಹಿಂದಿರುಗುವುದನ್ನೇ ಮೆಟ್ಟಿಲಲ್ಲಿ ನಿಂತು ಕಾದಿದ್ದೆ.

"ಕೊಟ್ಟೆ ಅಕ್ಕ. ಕೈಯಲ್ಲೇ ಕೊಟ್ಟೆ. ಮುಚ್ಚಳ ತೆಗೆದು ಅಲ್ಲೇ ಬೆರಳು ಹಾಕಿ ನೆಕ್ಕಿದ್ರು, ಆಫೀಸರ್ ಅಂತ ನೋಡ್ಲೇ ಇಲ್ಲ."

"ಹೇಗಿದ್ದಾರೆ ಅಣ್ಣ?"

"ಒಳ್ಳೇದುಂಟು." ಮೆಟ್ಟಿಲು ಹತ್ತಿ ಬಂದು, "ಕಿವಿಯ ಹತ್ರ ಕೂದಲು ಬೆಳ್ಳಗಾಗಿದೆ. ಫೋನಲ್ಲಿ ಅದೆಲ್ಲ ಕಾಣುದಿಲ್ಲ ಅಲ್ವಾ" ಎಂದರು.

ನಿಜ, ಫೋನಿನಲ್ಲಿ ಕಾಣುತ್ತಿರಲಿಲ್ಲ. ಟೊಮೆಟೊ ಪೆಟ್ಟಿಗೆಯೊಡನೆ ಹೋದ ನೆರೆಯವರಿಗೆ ಕಂಡದ್ದು ನನಗೆ ಕಾಣಲಿಲ್ಲವೆಂಬ ವಿಷಾದವು ಹಲವು ದಿನ ನನ್ನನ್ನು ಕಾಡಿತು. ಅವರ ಮೇಲೆ ಅಸೂಯೆಯೂ ಆಯಿತು. ಮುಂದಿನ ಶುಕ್ರವಾರ ದೋಣಿ ಮೇಲೆ ಬಂದಾಗ ನಾನು ಯೋಚಿಸದೆ ಕಾಲಿಟ್ಟೆ; ಏಣಿ ನನ್ನನ್ನು ಹೊತ್ತುಕೊಂಡಿತು. ಮೇಲೆ ಹೋಗಿ ಕಂಬಿ ಹಿಡಿದು ನಿಂತಾಗ ತರಬೇತುದಾರರು ಕೆಳಗಿನಿಂದ "ಯಲ್ಲಾ, ಸಿಸ್ಟರ್! ಇನ್ನು ಇಳಿಯೋದೂ ಪರೀಕ್ಷೆಯೇ" ಎಂದು ಕೂಗಿದರು.

ಕೊನೆಯ ಪಾಠ ರೇಡಿಯೊ. ಗುಂಡಿ ಒತ್ತಿ, ಒಂದು ಉಸಿರು ತಡೆದು, ಆಮೇಲೆ ಮಾತನಾಡಬೇಕು. ಇಲ್ಲವಾದರೆ ಮೊದಲ ಪದ ತುಂಡಾಗುತ್ತದೆ. ಯಾರನ್ನು ಕರೆಯುತ್ತಿದ್ದೇವೋ ಅವರ ಹೆಸರು ಮೊದಲು, ನಮ್ಮದು ನಂತರ. ಕೇಳಿದ್ದನ್ನು ಕೇಳಿದ ಹಾಗೆಯೇ ತಿರುಗಿ ಹೇಳಬೇಕು. ಹಾಗೆ ಹೇಳುವ ತನಕ ಸಂದೇಶ ತಲುಪಿದಂತಲ್ಲ. ಬಂದರಿನ ಚಾನೆಲ್ಲನ್ನು ಲಂಗರಿನಲ್ಲಿರುವ ಎಲ್ಲ ಹಡಗುಗಳೂ ಆಲಿಸುತ್ತಿರುತ್ತವೆ. ಅದರಲ್ಲಿ ಸ್ವಂತ ಮಾತಿಗೆ ಅವಕಾಶವಿಲ್ಲ.

ಈ ನಿಯಮದ ಬಿಗಿಯನ್ನು ಅಣ್ಣನವರು ಸ್ವಾನುಭವದಿಂದ ವಿವರಿಸಿದರು. "ಒಂದು ಹಡಗಲ್ಲಿ ನಮ್ಮ ಉಳ್ಳಾಲದ ಕುಕ್ ಇದ್ದ ಅಕ್ಕ. ರೇಡಿಯೊ ನನ್ನ ಕೈಯಲ್ಲಿತ್ತು. ಸುಮ್ನೆ 'ಊಟ ಆಯ್ತಾ?' ಅಂತ ಕೇಳಿಬಿಟ್ಟೆ. ಅಷ್ಟೇ! ಬಂದರಿನವ್ರಿಗೆ ಅದು ಎಂತ ಕೋಡ್ ಅಂತ ಗೊತ್ತಾಗ್ಲಿಲ್ಲ. ಮೂರು ಹಡಗಿನವ್ರು 'ರಿಪೀಟ್, ರಿಪೀಟ್' ಅಂತ ಶುರು ಮಾಡಿದ್ರು. ಎರಡು ವಾರ ನನ್ನನ್ನ ಬೋಟು ಹತ್ಲಿಕ್ಕೆ ಬಿಡ್ಲಿಲ್ಲ."

"ಅವನ ಊಟ ಆಗಿತ್ತೋ ಇಲ್ಲವೋ?" ಎಂದು ತರಬೇತುದಾರರು ಗಂಭೀರವಾಗಿ ಕೇಳಿದರು. ಎಲ್ಲರೂ ನಕ್ಕರು.

ನಾನು ದಳದ ಸದಸ್ಯೆಯಾದ ನಂತರ ಕೆಲವು ಕರೆಗಳಿಗೆ ಹೋದೆ. ಎದೆನೋವಿನ ಒಬ್ಬ ಅಡುಗೆಯವರು, ಬೆರಳು ಜಜ್ಜಿಕೊಂಡ ಒಬ್ಬ ನಾವಿಕರು. ಪ್ರತಿ ಸಲ ದೋಣಿ ಬಂದರಿನ ಗೋಡೆ ದಾಟಿ ಹೊರಗೆ ಬಂದಾಗ ಸಾಲು ಹಡಗುಗಳಲ್ಲಿ ನನ್ನ ಕಣ್ಣು ಒಂದನ್ನೇ ಹುಡುಕುತ್ತಿತ್ತು. ಅದು ಆಗ ಬೇರೆ ಎಲ್ಲೋ ಬಾಣವಾಗಿತ್ತು.

ತರುವಾಯ ಒಂದು ವಾರ ಅದು ಬಂದು ಚುಕ್ಕೆಯಾಯಿತು. ತರಬೇತುದಾರರು ಯಾವ ಮಾತನ್ನೂ ಆಡದೆ ತಿಂಗಳ ಅಭ್ಯಾಸಕ್ಕೆ ಅದೇ ಹಡಗನ್ನು ಆಯ್ಕೆ ಮಾಡಿ, ಕ್ಯಾಪ್ಟನ್ನರ ಒಪ್ಪಿಗೆಯನ್ನೂ ಪಡೆದರು. ಗುರುವಾರ ಬೆಳಿಗ್ಗೆ ನಾವು ಹಡಗು ಹತ್ತುವುದು, ಗಾಯಾಳುವಿನ ಪಾತ್ರ ಮಾಡುವ ನಾವಿಕರೊಬ್ಬರನ್ನು ಸ್ಟ್ರೆಚರಿನಲ್ಲಿ ಇಳಿಸುವುದು. ಹಡಗಿನಲ್ಲಿ ಔಷಧಿ ಮತ್ತು ಆಸ್ಪತ್ರೆ ಕೋಣೆಯ ಹೊಣೆ ಸೆಕೆಂಡ್ ಆಫೀಸರರದ್ದೇ. ಆದುದರಿಂದ ಅಭ್ಯಾಸದುದ್ದಕ್ಕೂ ನನ್ನ ಪಕ್ಕದಲ್ಲಿ ನಿಲ್ಲಬೇಕಾದವರು ನನ್ನ ಪತಿಯೇ. "ನಿಮ್ಮ ಸಹಿ, ನನ್ನ ಸಹಿ, ಒಂದೇ ಕಾಗದದಲ್ಲಿ. ಮದ್ವೆ ರಿಜಿಸ್ಟರ್ ಆದ್ಮೇಲೆ ಇದೇ ಎರಡ್ನೇ ಸಲ ಕಣೇ" ಎಂದು ಅವರು ಫೋನಿನಲ್ಲಿ ನಕ್ಕರು. ನಾನು ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದೆ. ಮೇಲಂಗಿಯಾಗಿ ತೊಡುವ ಜೀವರಕ್ಷಕ ಕವಚದ ಕೆಳಗೆ ಅದು ಯಾರಿಗೂ ಕಾಣದು ಎಂದು ತಿಳಿದೂ ಹಾಕಿದೆ.

ಬುಧವಾರ ಮಧ್ಯಾಹ್ನ ಅವರ ಸಂದೇಶ ಬಂತು. ಆದೇಶ ಬದಲಾಗಿದೆ, ಸಂಜೆಯೇ ಹೊರಡುತ್ತೇವೆ, ಅಭ್ಯಾಸ ರದ್ದು. ಮುಂದಿನ ಪ್ರಯಾಣ ದೂರದ್ದು. ಈ ಕಡೆಗೆ ಯಾವಾಗ ಎಂದು ತಿಳಿಯದು. ಚಿಕಿತ್ಸಾಲಯದಲ್ಲಿ ನನ್ನ ಪಾಳಿ ಆಗಷ್ಟೇ ಮುಗಿದಿತ್ತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಆ ಸಂದೇಶಕ್ಕೆ ಏನು ಉತ್ತರ ಬರೆಯಬೇಕೆಂದು ಯೋಚಿಸುತ್ತ ಕುಳಿತಿದ್ದಾಗಲೇ ದಳದ ಕರೆ ಬಂತು. ಲಂಗರಿನ ಪ್ರದೇಶದ ಆಚೆ ಒಂದು ಉರುವಿನ, ಅಂದರೆ ಮರದ ಸರಕು ಹಡಗಿನ, ಎಂಜಿನ್ ಕೋಣೆಯಲ್ಲಿ ಬೆಂಕಿ, ಒಬ್ಬರಿಗೆ ಸುಟ್ಟ ಗಾಯ.

ದೋಣಿಯಲ್ಲಿ ನಾವು ಮೂವರು. ಚುಕ್ಕಾಣಿಯಲ್ಲಿ ತರಬೇತುದಾರರು, ಸಹಾಯಕ್ಕೆ ಅಣ್ಣನವರು, ನಾನು. ಬಂದರಿನ ಟಗ್ ದೋಣಿ ನಮಗಿಂತ ಮೊದಲೇ ತಲುಪಿ ಉರುವಿನ ಹಿಂಭಾಗಕ್ಕೆ ನೀರು ಚಿಮ್ಮಿಸುತ್ತಿತ್ತು. ಕಪ್ಪು ಹೊಗೆ ಆಗಲೇ ಬೆಳ್ಳಗಾಗತೊಡಗಿತ್ತು, ಅಂದರೆ ಬೆಂಕಿ ಹಿಡಿತಕ್ಕೆ ಬರುತ್ತಿತ್ತು. ಗಾಯಾಳುವನ್ನು ಉರುವಿನವರು ತಾವೇ ಹೊತ್ತು ತಂದು ನಮ್ಮ ದೋಣಿಗೆ ಇಳಿಸಿದರು. ಏಣಿಯ ಪ್ರಮೇಯವೇ ಬರಲಿಲ್ಲ. ಗಾಯಾಳು ಗುಜರಾತಿನ ಮಾಂಡ್ವಿಯವರು, ನಡುವಯಸ್ಸಿನ ಎಂಜಿನ್ ಕೆಲಸಗಾರರು. ಮುಖ, ಕುತ್ತಿಗೆ ಮತ್ತು ಬಲಗೈ ಸುಟ್ಟಿತ್ತು. ಹುಬ್ಬು ಇರಲಿಲ್ಲ. ಮೂಗಿನ ಕೂದಲು ಕಮರಿತ್ತು. ಉಗುಳಿದಾಗ ಎಂಜಲಿನಲ್ಲಿ ಮಸಿ ಕಂಡಿತು.

ಓದುಗರ ಅನುಕೂಲಕ್ಕಾಗಿ ಇದನ್ನು ವಿವರಿಸುವುದು ಅಗತ್ಯ. ಮುಚ್ಚಿದ ಕೋಣೆಯಲ್ಲಿ ಬಿಸಿ ಹೊಗೆ ಎಳೆದುಕೊಂಡವರ ಗಂಟಲು ಒಳಗಿನಿಂದ ಬೇಯುತ್ತದೆ. ಹೊರಗೆ ನೋಡಲು ಅವರು ಚೆನ್ನಾಗಿಯೇ ಇರುತ್ತಾರೆ, ಮಾತನಾಡುತ್ತಾರೆ. ಆನಂತರ ಗಂಟಲು ಊದುತ್ತ ಬಂದು ಉಸಿರಿನ ದಾರಿ ಮುಚ್ಚಿಕೊಳ್ಳುತ್ತದೆ. ಮುಚ್ಚುವ ಮೊದಲು ವೈದ್ಯರು ಕೊಳವೆ ಇಳಿಸಬೇಕು. ಅದು ದೋಣಿಯಲ್ಲಿ ಆಗುವ ಕೆಲಸವಲ್ಲ. ನಮ್ಮ ಕೈಯಲ್ಲಿರುವುದು ಇಷ್ಟೇ: ಕೂರಿಸಿಕೊಂಡು ಕರೆತರುವುದು, ಆಮ್ಲಜನಕ ಕೊಡುವುದು, ಮತ್ತು ಅವರನ್ನು ಮಾತನಾಡಿಸುತ್ತಲೇ ಇರುವುದು. ದನಿ ಒಡೆಯಿತೆಂದರೆ ಸಮಯ ಕಡಿಮೆ ಎಂದು ಅರ್ಥ.

ಉಂಗುರ ತೆಗೆದು, ಗಾಯಗಳ ಮೇಲೆ ಶುದ್ಧ ನೀರು ಸುರಿದು, ಆಮ್ಲಜನಕದ ಮುಖವಾಡ ತೊಡಿಸಿ, ಅವರನ್ನು ನನ್ನ ಎದುರು ಕೂರಿಸಿಕೊಂಡೆ. ಅಣ್ಣನವರು ಬೆನ್ನಿಗೆ ಒರಗಾಗಿ ಕುಳಿತರು.

"ಭಾಯ್‌ಸಾಬ್, ನಿಮ್ಮ ಉರು ಯಾವ ಯಾವ ಬಂದರಿಗೆ ಹೋಗತ್ತೆ? ಹೆಸರು ಹೇಳಿ," ಎಂದು ಹಿಂದಿಯಲ್ಲಿ ಕೇಳಿದೆ.

ಅವರು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದರು. "ಯಾಕೆ, ನೀವೂ ಬರ್ತೀರಾ?"

"ಬರ್ತೀನಿ. ಹೇಳಿ."

"ಮಾಂಡ್ವಿ. ಮುಂದ್ರಾ. ದುಬೈ. ಬರ್ಬೆರಾ."

"ಮತ್ತೊಮ್ಮೆ."

"ಮಾಂಡ್ವಿ, ಮುಂದ್ರಾ, ದುಬೈ, ಬರ್ಬೆರಾ."

ದೋಣಿ ತಿರುಗಿತು. ಬಂದರಿನ ದಾರಿ ಲಂಗರಿನ ಪ್ರದೇಶದ ನಡುವೆಯೇ ಇತ್ತು. ತರಬೇತುದಾರರು ರೇಡಿಯೊವನ್ನು ನನ್ನ ಕೈಗೆ ದಾಟಿಸಿದರು. ದಡದಲ್ಲಿ ಕಾಯುತ್ತಿದ್ದ ವೈದ್ಯರಿಗಾಗಿ ನಾನು ಬಂದರಿನ ಕಚೇರಿಗೆ ವರದಿ ಕೊಟ್ಟೆ: ಪುರುಷ, ಮುಖ ಕುತ್ತಿಗೆ ಬಲಗೈ ಸುಟ್ಟಗಾಯ, ಹೊಗೆ ಒಳಹೋಗಿರುವ ಲಕ್ಷಣ, ಪ್ರಜ್ಞೆ ಇದೆ, ಮಾತನಾಡುತ್ತಿದ್ದಾರೆ, ಆಮ್ಲಜನಕ ನೀಡಲಾಗುತ್ತಿದೆ. ಬಂದರಿನ ಕಚೇರಿಯವರು ಅದನ್ನು ತಿರುಗಿ ಹೇಳಿ, ಆಮ್ಲಜನಕ ಸಾಕಷ್ಟಿದೆಯೇ ಎಂದು ಕೇಳಿದರು. ಸಿಲಿಂಡರಿನ ಮುಳ್ಳು ಅರ್ಧಕ್ಕಿಂತ ತುಸು ಮೇಲಿತ್ತು. ನಾನು ಅದನ್ನೇ ಹೇಳಿದೆ.

ಆಗ ರೇಡಿಯೊದಲ್ಲಿ ಇನ್ನೊಂದು ದನಿ ಬಂತು. ಸಂಭಾಷಣೆ ಇಂಗ್ಲಿಷಿನಲ್ಲಿ ನಡೆಯಿತು; ಅದರ ಸಾರವನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇನೆ. ಆ ದನಿ ಮೊದಲು ರಕ್ಷಣಾ ದೋಣಿಯ ಹೆಸರು ಹೇಳಿತು, ನಂತರ ತನ್ನ ಹಡಗಿನ ಹೆಸರು ಹೇಳಿತು. "ನಮ್ಮ ಬಳಿ ತುಂಬಿದ ಆಮ್ಲಜನಕ ಸಿಲಿಂಡರ್ ಸಿದ್ಧವಿದೆ. ನೀವು ಪಕ್ಕಕ್ಕೆ ಬಂದಲ್ಲಿ ಹಗ್ಗದಲ್ಲಿ ಇಳಿಸಿಕೊಡಬಲ್ಲೆವು. ಅಗತ್ಯವಿದೆಯೇ? ತಿಳಿಸಿ."

ಮಧ್ಯಾಹ್ನದ ಪಾಳಿ ಸೆಕೆಂಡ್ ಆಫೀಸರರದ್ದು. ಪ್ರತಿದಿನ ಫೋನಿನಲ್ಲಿ ಕೇಳುವ ದನಿ. ಆದರೆ ಫೋನಿನಲ್ಲಿ ಅದು ಎಂದೂ ಇಷ್ಟು ನೆಟ್ಟಗೆ ಇರಲಿಲ್ಲ. ತಲೆಯೆತ್ತಿದೆ. ಹಡಗು ಎದುರಿಗೇ ಇತ್ತು. ಅದರ ಕೆಂಪು ಬಣ್ಣ ಕಿತ್ತುಹೋದ ಜಾಗಗಳೂ ಕಾಣುವಷ್ಟು ಹತ್ತಿರ.

ಹಡಗಿನ ಹೆಸರು ಕೇಳಿ ತರಬೇತುದಾರರಿಗೂ ದನಿ ಯಾರದೆಂದು ತಿಳಿದಿತ್ತು. ಅವರು ವೇಗ ತಗ್ಗಿಸದೆ, ನನ್ನ ಕಡೆ ನೋಡದೆ ಹೇಳಿದರು: "ಆಕ್ಸಿಜನ್ ನಿಜವಾಗಿಯೂ ಅಲ್ಲಿದೆ, ಸಿಸ್ಟರ್. ತಗೊಂಡರೆ ತಪ್ಪು ಅಂತ ಯಾರೂ ಹೇಳೋ ಹಾಗಿಲ್ಲ. ನಾನೂ ಹೇಳಲ್ಲ. ರೋಗಿ ನಿಮ್ಮವನು, ಮಾತು ನಿಮ್ಮದು. ನೀವು ಹೇಳಿದರೆ ತಿರುಗಿಸ್ತೀನಿ."

ನನ್ನ ಗೊಂದಲವನ್ನು ಇದ್ದಂತೆಯೇ ದಾಖಲಿಸುತ್ತೇನೆ. ಬೇಕು ಎಂದು ಹೇಳಿದರೆ, ಹೇಳುತ್ತಿರುವುದು ನರ್ಸೋ ಹೆಂಡತಿಯೋ ಎಂದು ನನಗೆ ಖಚಿತವಿರಲಿಲ್ಲ. ಬೇಡ ಎಂದರೂ ಅದೇ ತೊಂದರೆ: ಆಸೆಪಟ್ಟೆ ಎಂದು ನಾಳೆ ಯಾರೂ ಅನ್ನದಿರಲೆಂದು, ರೋಗಿಗೆ ಬೇಕಾದದ್ದನ್ನೇ ನಾನು ನಿರಾಕರಿಸುತ್ತಿರಬಹುದು. ಎರಡು ಉತ್ತರಗಳೂ ನನ್ನವಾಗಿದ್ದವು, ಎರಡನ್ನೂ ನಂಬುವಂತಿರಲಿಲ್ಲ. ಆದುದರಿಂದ ನನ್ನನ್ನು ಬಿಟ್ಟು ಎದುರಿಗಿದ್ದವರನ್ನು ಕೇಳಿದೆ.

"ಭಾಯ್‌ಸಾಬ್, ಬಂದರುಗಳು."

ಮುಖವಾಡವನ್ನು ಸ್ವಲ್ಪ ಎತ್ತಿ ಕಿವಿಯನ್ನು ಅವರ ಬಾಯಿಯ ಬಳಿ ತಂದೆ.

"ಮಾಂಡ್ವಿ," ಎಂದರು. "ಮುಂದ್ರಾ. ದುಬೈ." ಬರ್ಬೆರಾ ಎಂಬುದು ಬರಲಿಲ್ಲ. ಆ ಜಾಗದಲ್ಲಿ ಬಟ್ಟೆ ಹರಿದಂಥ ಶಬ್ದ ಮಾತ್ರ ಬಂತು. ಅವರಿಗೂ ಅದು ಕೇಳಿಸಿತು. ಕಣ್ಣು ದೊಡ್ಡದಾಯಿತು.

ಸಿಲಿಂಡರಿನಲ್ಲಿ ಇದ್ದದ್ದು ದಡದ ತನಕ ಸಾಕಾಗುತ್ತಿತ್ತು. ಕಡಿಮೆಯಾಗುತ್ತಿದ್ದುದು ಗಾಳಿಯಲ್ಲ, ಗಾಳಿ ಹೋಗುವ ದಾರಿ. ಹಡಗಿನ ಪಕ್ಕಕ್ಕೆ ಹೋಗಿ, ಅಲೆಯಲ್ಲಿ ದೋಣಿ ನಿಲ್ಲಿಸಿ, ಹಗ್ಗ ಇಳಿಯುವವರೆಗೆ ಕಾಯುವ ಸಮಯ ಆ ಗಂಟಲಿನಲ್ಲಿ ಇರಲಿಲ್ಲ.

ಗುಂಡಿ ಒತ್ತಿದೆ. ಒಂದು ಉಸಿರು ತಡೆದೆ. ಹಡಗಿನ ಹೆಸರು ಮೊದಲು, ನಮ್ಮದು ನಂತರ. "ಆಮ್ಲಜನಕದ ಅಗತ್ಯವಿಲ್ಲ. ರೋಗಿಯ ದನಿ ಒಡೆಯುತ್ತಿದೆ. ನೇರವಾಗಿ ಬಂದರಿಗೆ ಹೋಗುತ್ತಿದ್ದೇವೆ. ಧನ್ಯವಾದಗಳು."

ಅವರು ನಿಯಮದಂತೆ ತಿರುಗಿ ಹೇಳಿದರು. "ಅಗತ್ಯವಿಲ್ಲ. ರೋಗಿಯ ದನಿ ಒಡೆಯುತ್ತಿದೆ. ನೇರವಾಗಿ ಬಂದರಿಗೆ. ಅರ್ಥವಾಯಿತು. ನಿಮ್ಮ ದಾರಿ ತೆರವಾಗಿದೆ."

ತರಬೇತುದಾರರು ಎಂಜಿನಿನ ವೇಗವನ್ನು ಪೂರ್ತಿ ಏರಿಸಿದರು. ನಾನು ಗಾಯಾಳುವಿನ ಎದುರು ಮೊಣಕಾಲೂರಿ ಎರಡೂ ಕೈಯಿಂದ ಮುಖವಾಡ ಹಿಡಿದೆ. ಈಗ ಮಾತನಾಡಬೇಡಿ, ನನ್ನ ಜೊತೆ ನಿಧಾನವಾಗಿ ಉಸಿರಾಡಿ ಎಂದೆ. ಹಡಗಿನ ನೆರಳು ನಮ್ಮ ಮೇಲೆ ಬಂದು ಹೋದದ್ದು ತಂಪಿನಿಂದ ತಿಳಿಯಿತು.

"ಅಕ್ಕ," ಎಂದರು ಅಣ್ಣನವರು. ಅವರ ಮಾತಿನಲ್ಲಿ ತಮಾಷೆ ಇರಲಿಲ್ಲ. "ಮುಖವಾಡ ನಾನು ಹಿಡೀತೇನೆ. ಒಮ್ಮೆ ತಿರುಗಿ ನೋಡಿ ಮಾರಾಯ್ರೆ. ಮೇಲೆ ಯಾರೋ ಕೈ ಬೀಸ್ತಿದ್ದಾರೆ."

ಗಾಯಾಳುವಿನ ಎದೆ ಒಮ್ಮೆ ಏರಿ ಇಳಿಯುವುದನ್ನು ನೋಡಿ, ಮುಖವಾಡ ಬಿಡದೆಯೇ ಕತ್ತು ತಿರುಗಿಸಿದೆ. ಅಷ್ಟರಲ್ಲಿ ದೋಣಿ ಹಡಗನ್ನು ದಾಟಿತ್ತು. ಎತ್ತರದಲ್ಲಿ, ಕಂಬಿಯ ಹಿಂದೆ, ಕಿತ್ತಳೆ ಬಣ್ಣದ ಉಡುಪಿನ ಒಬ್ಬರು ಕೈಯೆತ್ತಿ ನಿಂತಿದ್ದರು. ಬಿಸಿಲು ಅವರ ಹಿಂದಿನಿಂದ ಬರುತ್ತಿತ್ತು; ಮುಖ ಕಾಣಲಿಲ್ಲ. ನನ್ನ ಕೈಗಳು ಖಾಲಿಯಿರಲಿಲ್ಲ. ತಲೆಯಾಡಿಸಿದೆ. ಅಷ್ಟು ದೂರಕ್ಕೆ ಅದು ತಿಳಿದಿರಲಾರದು.

ದಕ್ಕೆಯಲ್ಲಿ ವೈದ್ಯರು ಆಂಬುಲೆನ್ಸಿನ ಬಾಗಿಲಲ್ಲಿಯೇ ಕೊಳವೆ ಹಿಡಿದು ನಿಂತಿದ್ದರು. ಮೊದಲ ಪ್ರಯತ್ನದಲ್ಲಿ ಅದು ಇಳಿಯಲಿಲ್ಲ. ಅದಕ್ಕಿಂತ ತೆಳ್ಳಗಿನದನ್ನು ಕೇಳಿ ಪಡೆದು ಇಳಿಸಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಯಾವುದೂ ಹೋಗುತ್ತಿರಲಿಲ್ಲವೆಂದು ಅವರು ಕೈಗವಸು ಕಳಚುತ್ತ ಹೇಳಿದರು. ಆ ಮಾಂಡ್ವಿಯವರು ಬಹುಕಾಲ ಆಸ್ಪತ್ರೆಯಲ್ಲಿದ್ದು ಗುಣಮುಖರಾದರು. ನೋಡಲು ಹೋದಾಗ ಕಾಗದದ ಚೂರಿನ ಮೇಲೆ ಬರೆದು, ಬರ್ಬೆರಾಗೆ ಯಾವಾಗ ಬರುತ್ತೀರಿ ಎಂದು ಕೇಳಿದರು. ಆಗಿನ್ನೂ ಅವರಿಗೆ ದನಿ ಬಂದಿರಲಿಲ್ಲ.

ತರಬೇತುದಾರರು ನನ್ನನ್ನು ಹೊಗಳಲಿಲ್ಲ. ದೋಣಿ ತೊಳೆಯಲು ಹೇಳಿದರು. ನಾನೂ ಅಣ್ಣನವರೂ ಬಕೆಟ್ಟಿನಿಂದ ನೀರು ಸುರಿದು ಮಸಿ ತೊಳೆಯುತ್ತಿದ್ದಾಗ, ಸೂರ್ಯ ಮುಳುಗುವ ಮೊದಲು, ಹಡಗು ಲಂಗರು ಎತ್ತಿತು. ಸರಪಳಿಯ ಸದ್ದು ಅಷ್ಟು ದೂರ ಕೇಳದು. ಹಡಗಿನ ಮೂತಿ ನಿಧಾನವಾಗಿ ತಿರುಗುವುದು ಮಾತ್ರ ಕಂಡಿತು. ಅಣ್ಣನವರು ನನ್ನ ಕೈಯಿಂದ ಬಕೆಟ್ಟು ತೆಗೆದುಕೊಂಡು, "ನೀವು ಹೋಗಿ ನಿಂತು ನೋಡಿ ಅಕ್ಕ, ಇದು ನಾನು ಮಾಡ್ತೇನೆ" ಎಂದರು. ನಾನು ದಕ್ಕೆಯ ತುದಿಗೆ ಹೋಗಿ ನಿಂತೆ.

ಅಲ್ಲಿರುವಾಗಲೇ ಫೋನು ಬಂತು. ದಡದ ಸಿಗ್ನಲ್ ಇರುವಷ್ಟು ಹೊತ್ತು ಮಾತನಾಡಬಹುದಿತ್ತು. ಅವರ ಪಾಳಿ ಮುಗಿದಿತ್ತು.

"ಅವ್ರು ಹೇಗಿದಾರೆ?" ಎಂದು ಮೊದಲು ಕೇಳಿದರು.

"ಕೊಳವೆ ಹಾಕಿದ್ರು ರೀ. ಬದುಕ್ತಾರೆ."

"ಸರಿ ಬಿಡು. ಒಳ್ಳೇದಾಯ್ತು." ಅವರ ಕಡೆಯಿಂದ ಎಂಜಿನಿನ ಗುಂಯ್‌ಗುಡುವಿಕೆ ಕೇಳುತ್ತಿತ್ತು.

"ನೀವು ಕೈ ಬೀಸಿದ್ದು ನೋಡ್ದೆ" ಎಂದೆ. "ನನ್ನ ಕೈ ಬಿಡುವಿರ್ಲಿಲ್ಲ, ಅದಕ್ಕೇ..."

"ಅದು ನಾನಲ್ಲ ಕಣೇ."

"ಮತ್ತೆ?"

"ಬೋಸನ್ ಇರ್ಬೇಕು, ನಮ್ಮ ನಾವಿಕರ ಮೇಸ್ತ್ರಿ. ಸಿಲಿಂಡರಿಗೆ ಹಗ್ಗ ಕಟ್ಕೊಂಡು ಆಚೆ ನಿಂತಿದ್ದ. ನಾನು ಒಳಗಿದ್ದೆ."

"ಒಂದು ಹೆಜ್ಜೆ ಆಚೆ ಬಂದಿದ್ರೆ ಕಾಣ್ತಿದ್ರಲ್ಲ ರೀ."

"ಬರ್ಬೋದಿತ್ತು," ಎಂದರು. "ರೇಡಿಯೊ ಬಿಟ್ಟು ಬರೋಕೆ ಮನಸ್ಸಾಗ್ಲಿಲ್ಲ. ನೀನು ಇನ್ನೇನಾದ್ರೂ ಹೇಳ್ತೀಯೇನೋ ಅಂತ ಕಾಯ್ತಾ ಇದ್ದೆ."

ಆ ಚಾನೆಲ್ಲಿನಲ್ಲಿ ಹೇಳಲು ಅನುಮತಿಯಿರುವುದೆಲ್ಲವನ್ನೂ ನಾನು ಆಗಲೇ ಹೇಳಿ ಮುಗಿಸಿದ್ದೆ.